ಕಲಬುರಗಿ ಬಿಸಿಲಲ್ಲಿ ಆರು ಕಿಲೋ

ಎರಡು ವರ್ಷ ಒದ್ದಾಡಿ ನಾನು ಇಳಿಸಿದ್ದು ಆರು ಕಿಲೋ. ಕೇಳಿದವರೆಲ್ಲ ಮೊದಲು ನಗುತ್ತಾರೆ. ಒಂದೇ ತಿಂಗಳಲ್ಲಿ ಹತ್ತು ಕಿಲೋ ಇಳಿಸಿದವರು ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಜನ ಸಿಗುತ್ತಾರಲ್ಲ. ಅವರಿಗೊಂದು ದೊಡ್ಡ ನಮಸ್ಕಾರ. ನಾನು ಹೇಳಹೊರಟಿರುವುದು ಇಳಿಯದ ತೂಕದ ಬಗ್ಗೆ. ಊಟ ಕಡಿಮೆ ಮಾಡಿ, ದಿನಾ ನಡೆದು, ಆದರೂ ಅದೇ ಅಂಕಿ ತೋರಿಸುವ ತೂಕದ ಮಷಿನ್ ಬಗ್ಗೆ. ಮತ್ತೆ ನಮ್ಮೂರಿನ ಬೇಸಿಗೆಯ ಬಗ್ಗೆ. ತೂಕ ಇಳಿಸುವ ಸಲಹೆ ಕೊಡುವವರು ಯಾರೂ ಈ ಬೇಸಿಗೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ನಾನು ಕಲಬುರಗಿಯಲ್ಲಿ ಒಂದು ಸರಕಾರಿ ಕಚೇರಿಯಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕಿ. ಕುರ್ಚಿ, ಕಂಪ್ಯೂಟರು, ಫೈಲು. ಎದ್ದು ಓಡಾಡುವುದು ಅಂದರೆ ಸಾಹೇಬರ ಕೋಣೆವರೆಗೆ, ಅಷ್ಟೇ. 2023ರ ದೀಪಾವಳಿ ಮುಗಿದಾಗ ನನ್ನ ವಯಸ್ಸು 48, ಎತ್ತರ 5 ಅಡಿ 2 ಇಂಚು, ತೂಕ 78 ಕೆ.ಜಿ. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಬಿಎಂಐ ಲೆಕ್ಕ ಹಾಕಿದರೆ 31ರ ಮೇಲೆ. ನಮ್ಮ ದೇಶದವರಿಗೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಎಂದು ಡಾಕ್ಟರುಗಳು ಹೇಳುತ್ತಾರೆ. ಆ ಪ್ರಕಾರ ನಾನು 57 ಕೆ.ಜಿ. ಇರಬೇಕು. ಮಗಳು ಹುಟ್ಟುವ ಮುಂಚೆ ಹಾಗೆ ಇದ್ದೆ ಅನ್ನುವುದಕ್ಕೆ ಫೋಟೋ ಸಾಕ್ಷಿ ಇದೆ.

ಯಾವಾಗ ಇಷ್ಟಾಯಿತು ಅಂದರೆ ಹೇಳಲಿಕ್ಕೆ ಬರುವುದಿಲ್ಲ. ವರ್ಷಕ್ಕೆ ಒಂದು ಕಿಲೋ ಏರಿದರೆ ಯಾರಿಗೆ ಗೊತ್ತಾಗುತ್ತದೆ? ಟೇಲರ್ ಜಂಪರ್‌ನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಾನೆ. ಹದಿನೈದು ವರ್ಷಕ್ಕೆ ಹದಿನೈದು ಕಿಲೋ ಆಗಿರುತ್ತದೆ.

ನಾನು ತೂಕ ಇಳಿಸ್ತೀನಿ ಅಂದ ಕೂಡಲೇ ಕಚೇರಿ ತುಂಬ ಡಾಕ್ಟರು ಹುಟ್ಟಿಕೊಂಡರು. "ಅನ್ನ ಬಿಡ್ರಿ ಮೇಡಂ, ಒಂದ್ ತಿಂಗಳದಾಗ ಐದು ಕಿಲೋ ಇಳೀತದ" ಎಂದರು ಒಬ್ಬರು. "ಅನ್ನ ಅಲ್ರಿ, ರೊಟ್ಟಿ ಬಿಡ್ರಿ" ಎಂದರು ಇನ್ನೊಬ್ಬರು. ಬೆಳಗ್ಗೆ ಬಿಸಿನೀರಿಗೆ ಜೇನುತುಪ್ಪ, ಲಿಂಬೆಹಣ್ಣು ಅಂದವರು ಬಹಳ ಜನ. ಬೆಂಗಳೂರಲ್ಲಿ ಓದುವ ಮಗಳು ಮೊಬೈಲಿಗೆ ಒಂದು ಡಯಟ್ ಚಾರ್ಟ್ ಕಳಿಸಿದಳು. ಅದರಲ್ಲಿ ಆವಕಾಡೊ, ಕಿನೊವಾ, ಗ್ರೀಕ್ ಯೋಗರ್ಟ್ ಎಲ್ಲ ಇದ್ದವು. ಸೂಪರ್ ಮಾರ್ಕೆಟ್ ಕಡೆ ಹೋಗಿ ಕಿನೊವಾ ಕೇಳಿದರೆ ಅಂಗಡಿಯವನು ನವಣೆ ತೋರಿಸಿದ. ಅವನದೇ ಸರಿ ಅಂತ ಈಗ ಅನಿಸುತ್ತದೆ.

ಅನ್ನ ಬಿಟ್ಟೆ. ರಾತ್ರಿ ಎರಡು ರೊಟ್ಟಿ, ಪಲ್ಯ, ಮಜ್ಜಿಗೆ. ಬೆಳಗ್ಗೆ ನಮ್ಮೂರಿನ ಅಪ್ಪನ ಕೆರೆ ಸುತ್ತ ನಡಿಗೆ. ಚಳಿಗಾಲದಲ್ಲಿ ಅಲ್ಲಿ ನಡೆಯುವುದು ಬಹಳ ಚಲೋ ಅನಿಸುತ್ತದೆ. ಶಾಲು ಹೊದ್ದ ಮುದುಕರು, ಓಡುವ ಹುಡುಗರು, ಜೋರಾಗಿ ಚಪ್ಪಾಳೆ ತಟ್ಟುತ್ತಾ ನಡೆಯುವ ಒಬ್ಬ ನಿವೃತ್ತ ಮಾಸ್ತರು. ನಡಿಗೆ ಮುಗಿಸಿ ಶರಣಬಸವೇಶ್ವರ ಗುಡಿಗೆ ಕೈಮುಗಿದು ಮನೆಗೆ ಬರುವಷ್ಟರಲ್ಲಿ ಅತ್ತೆಯವರು ಚಹಾ ಇಟ್ಟಿರುತ್ತಿದ್ದರು.

ಮೊದಲ ಕೆಲವೇ ವಾರಗಳಲ್ಲಿ ಎರಡೂವರೆ ಕಿಲೋ ಇಳಿಯಿತು! ಕಚೇರಿಯಲ್ಲಿ ಪೇಡೆ ಹಂಚುವುದೊಂದು ಬಾಕಿ. ಇದೇ ಲೆಕ್ಕದಲ್ಲಿ ಯುಗಾದಿಗೆ 65 ಅಂದುಕೊಂಡೆ. ಆಮೇಲೆ ನಿಂತಿತು. ಸಂಕ್ರಾಂತಿ ಬಂತು, ಹೋಯಿತು. 75.5, 75.2, 75.6. ದಿನಾ ಅದೇ ನಡಿಗೆ, ಅದೇ ಎರಡು ರೊಟ್ಟಿ, ಅದೇ ಅಂಕಿ.

ಮೊದಲು ಇಳಿದದ್ದರಲ್ಲಿ ಬಹಳಷ್ಟು ನೀರು ಅಂತ ನನಗೆ ಆಮೇಲೆ ಗೊತ್ತಾಯಿತು. ನಾವು ತಿಂದ ಅನ್ನ, ರೊಟ್ಟಿಯ ಸಕ್ಕರೆ ಅಂಶದಲ್ಲಿ ಒಂದಿಷ್ಟು ಗ್ಲೈಕೋಜನ್ ಆಗಿ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಸಂಗ್ರಹ ಆಗಿರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಕೂಡಲೇ ದೇಹ ಮೊದಲು ಇದನ್ನು ಖರ್ಚು ಮಾಡುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕಡಿಮೆ ಬೀಳಬೇಕು. ನನ್ನಂಥವಳು ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಹೆಚ್ಚುಕಡಿಮೆ 200. ಅಂದರೆ ಬರೀ ನಡಿಗೆಯಿಂದ ಒಂದು ಕಿಲೋ ಇಳಿಯಲು ಐದು ವಾರಕ್ಕಿಂತ ಜಾಸ್ತಿ ಬೇಕು. ಅದೂ ನಡೆದು ಬಂದು ಒಂದು ಚೂರೂ ಜಾಸ್ತಿ ತಿನ್ನದಿದ್ದರೆ.

ಅಷ್ಟರಲ್ಲಿ ಮಾರ್ಚ್ ಬಂತು.

ಕಲಬುರಗಿಯ ಬೇಸಿಗೆ ಬೇರೆ ಊರಿನವರಿಗೆ ಹೇಳಿದರೆ ಅರ್ಥ ಆಗುವುದಿಲ್ಲ. 40 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. 43, 44 ಆದಾಗ ಮಾತ್ರ ಪೇಪರಿನಲ್ಲಿ ಬರುತ್ತದೆ. ಬೆಳಗ್ಗೆ ಏಳಕ್ಕೇ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರಕಾರಿ ಕಚೇರಿಗಳ ಸಮಯವೇ ಬದಲಾಗುತ್ತದೆ. ಬೆಳಗ್ಗೆ 8ರಿಂದ ಮಧ್ಯಾಹ್ನ 1.30. ಆ ಸಮಯಕ್ಕೆ ಮನೆಗೆ ಬಂದು, ಉಂಡು, ಕೂಲರ್ ಮುಂದೆ ಬಿದ್ದರೆ ಐದರವರೆಗೆ ಏಳುವ ಮಾತೇ ಇಲ್ಲ. ಮೊದಲು ಏಳಕ್ಕೆ ನಡೆಯಲು ಹೋಗುತ್ತಿದ್ದವಳು ಏಳೂವರೆಗೆ ಕಚೇರಿಗೆ ಹೊರಡಬೇಕು. ಸಂಜೆ ನಡೆಯೋಣ ಅಂದರೆ ಡಾಂಬರು ರಸ್ತೆಯಿಂದ ಕಾವು ಮೇಲೇಳುತ್ತಿರುತ್ತದೆ. ನಡಿಗೆ ನಿಂತಿತು.

ಬೇಸಿಗೆ ಅಂದರೆ ಮದುವೆ. ಒಂದೊಂದು ವಾರ ಮೂರು ಮದುವೆ. ಊಟಕ್ಕೆ ಕೂತಾಗ ಹೋಳಿಗೆ ಮೇಲೆ ತುಪ್ಪ ಹಾಕುವವರ ಕೈ ಹಿಡಿಯಲು ಆಗುತ್ತದೆಯೇ? ಮನೆಯಲ್ಲಿ ಮಾವಿನಹಣ್ಣಿನ ಸೀಕರಣೆ. ಹಗಲು ಕಬ್ಬಿನ ಹಾಲು, ಸಂಜೆ ಐಸ್‌ಕ್ರೀಮು, ಮನೆಗೆ ಬಂದವರಿಗೆಲ್ಲ ಶರಬತ್ತು, ಅವರ ಜೊತೆ ನನಗೂ ಒಂದು ಗ್ಲಾಸು. ಬಿಸಿಲಲ್ಲಿ ಊಟ ಸೇರುವುದಿಲ್ಲ, ಕುಡಿಯುವುದು ಮಾತ್ರ ನಡೆಯುತ್ತಲೇ ಇರುತ್ತದೆ. ಕುಡಿದದ್ದನ್ನು ಹೊಟ್ಟೆಯೂ ಲೆಕ್ಕ ಇಡುವುದಿಲ್ಲ, ನಾವೂ ಇಡುವುದಿಲ್ಲ. ಮಳೆ ಬೀಳುವ ಹೊತ್ತಿಗೆ ಮಷಿನ್ ಮೇಲೆ ನಿಂತರೆ 77.4.

ಆವತ್ತು ಅತ್ತಿದ್ದೆ. ತೂಕಕ್ಕೆ ಯಾರಾದರೂ ಅಳುತ್ತಾರಾ ಅಂತ ಮನೆಯವರು ಕೇಳಿದರು. ಅವರಿಗೆ ಏನು ಹೇಳುವುದು?

ಜೂನ್‌ನಲ್ಲಿ ಡಾಕ್ಟರ ಹತ್ತಿರ ಹೋದೆ. ನಿಜ ಹೇಳಬೇಕೆಂದರೆ ನನಗೆ ಥೈರಾಯ್ಡ್ ಇರಲಿ ಅಂತ ಆಸೆ ಇತ್ತು. ದಿನಾ ಒಂದು ಗುಳಿಗೆ ನುಂಗಿದರೆ ಮುಗಿಯಿತಲ್ಲ! ಮುಟ್ಟು ಏರುಪೇರಾಗಿತ್ತು, ಎರಡು ತಿಂಗಳು ಬರುತ್ತಿರಲಿಲ್ಲ, ಆಮೇಲೆ ಹದಿನೈದೇ ದಿನಕ್ಕೆ ಬರುತ್ತಿತ್ತು. ನಡುರಾತ್ರಿ ಮೈ ಕಾದು ಬೆವರಿಗೆ ಎಚ್ಚರ ಆಗುತ್ತಿತ್ತು. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಅದು ಊರಿನ ಕಾವೋ ನನ್ನ ಮೈಯ ಕಾವೋ ಅಂತ ಹೇಗೆ ಗೊತ್ತಾಗಬೇಕು? ಜೂನ್‌ನಲ್ಲಿ ಮಳೆ ಬಂದು ಎಲ್ಲರೂ ಹೊದ್ದು ಮಲಗಿದಾಗಲೂ ನಾನು ಫ್ಯಾನ್ ಐದಕ್ಕೆ ಇಟ್ಟಾಗ ಗೊತ್ತಾಯಿತು.

ರಕ್ತ ಪರೀಕ್ಷೆಯ ವರದಿ ನೋಡಿ ಡಾಕ್ಟರು, "ಥೈರಾಯ್ಡ್ ನಾರ್ಮಲ್ ಅದ ರೀ" ಎಂದರು. ನನ್ನ ಮುಖ ನೋಡಿ ನಕ್ಕರು. "ಇದ್ರೂ ಅದರಿಂದ ಏರೋದು ಎರಡು-ಮೂರು ಕಿಲೋ, ಜಾಸ್ತಿ ಅಂದ್ರ ಐದು. ಅದರಾಗೂ ಬಹಳಷ್ಟು ನೀರೇ. ಇಪ್ಪತ್ತು ಕಿಲೋ ಥೈರಾಯ್ಡ್ ಮ್ಯಾಲ ಹಾಕಬ್ಯಾಡ್ರಿ."

ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾತ್ರ 6.1 ಇತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ ಅಂತ. ನಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ಅಕ್ಕನಿಗೂ ಇದೆ. ಟೇಪು ಹಿಡಿದು ಸೊಂಟ ಅಳೆದರು. 98 ಸೆಂ.ಮೀ. ಹೆಂಗಸರಿಗೆ 80 ಮೀರಬಾರದಂತೆ.

ಆವತ್ತು ಡಾಕ್ಟರು ಹೇಳಿದ್ದರಲ್ಲಿ ಎರಡು ಮಾತು ತಲೆಯಲ್ಲಿ ಕೂತವು. ಒಂದು, ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ರ ಸುಮಾರಿಗೆ. ಅದಕ್ಕೆ ಕೆಲವು ವರ್ಷ ಮೊದಲಿನಿಂದಲೇ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಏರುಪೇರಾಗುತ್ತದೆ. ಮುಂಚೆ ತೊಡೆ, ಪಿರ್ರೆಗಳಲ್ಲಿ ಕೂಡುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ. ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟ ಮರುದಿನ ಹಸಿವು ಜಾಸ್ತಿ. ಇನ್ನೊಂದು, "21 ಕಿಲೋ ಅನ್ನೋದು ತಲಿಯಾಗಿಂದ ತಗೀರಿ. ಐದೂವರೆ ಇಳಸ್ರಿ ಸಾಕು." ಐದೂವರೆ ಯಾಕೆ? ಅಮೆರಿಕದಲ್ಲಿ ನನ್ನ ಹಾಗೆ ಹೊಸ್ತಿಲಲ್ಲಿದ್ದ 3,000ಕ್ಕೂ ಹೆಚ್ಚು ಜನರ ಮೇಲೆ ಒಂದು ದೊಡ್ಡ ಅಧ್ಯಯನ ಮಾಡಿದ್ದರು, 2002ರಲ್ಲಿ ಪ್ರಕಟ ಆಯಿತು. ತೂಕದಲ್ಲಿ 7% ಇಳಿಸಬೇಕು, ವಾರಕ್ಕೆ 150 ನಿಮಿಷ ಮೈ ದಣಿಸಬೇಕು ಅನ್ನುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು 58% ಕಡಿಮೆ ಆಗಿತ್ತು. 78ಕ್ಕೆ 7% ಅಂದರೆ ಐದೂವರೆ ಕಿಲೋ.

21 ಕಿಲೋ ಅಂತ ಎರಡು ಮಾತಿಲ್ಲದೆ ಒಪ್ಪಿಕೊಂಡಿದ್ದವಳಿಗೆ ಐದೂವರೆ ಕೇಳಿ ಸ್ವಲ್ಪ ಅವಮಾನವೇ ಆಯಿತು. ಮನೆಗೆ ಬರುವಷ್ಟರಲ್ಲಿ ಮನಸ್ಸು ಹಗುರ ಆಗಿತ್ತು.

ನಲವತ್ತು ದಾಟಿದ ಮೇಲೆ ದೇಹ ಸುಡುವುದೇ ಕಡಿಮೆ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಅದನ್ನೇ ನಂಬಿದ್ದೆ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಬಗ್ಗೆ ಮಗಳು ಹೇಳಿದಳು. 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು ಅಳೆದಿದ್ದರು, 8 ದಿನದ ಕೂಸಿನಿಂದ ಹಿಡಿದು 95 ವರ್ಷದವರ ತನಕ. ದೇಹದ ಗಾತ್ರ, ಸ್ನಾಯುಗಳ ಲೆಕ್ಕ ಹಿಡಿದು ನೋಡಿದರೆ 20ರಿಂದ 60ರವರೆಗೆ ದೇಹ ಸುಡುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ನಿಜವಾಗಿ ಇಳಿಯುವುದು 60ರ ನಂತರ, ಅದೂ ವರ್ಷಕ್ಕೆ 0.7%ನಷ್ಟು. ಇದನ್ನು ಓದಿ ನನಗೆ ಸಿಟ್ಟು ಬಂತು. ವಯಸ್ಸಿನ ಮೇಲೆ ಹಾಕಿ ಕೂರುವ ಹಾಗೂ ಇಲ್ಲವಲ್ಲ!

ಹಾಗಾದರೆ ಏನು ಬದಲಾಗಿದೆ? ಮೂವತ್ತರಲ್ಲಿ ನಾನು ಬಟ್ಟೆ ಒಗೆಯುತ್ತಿದ್ದೆ, ನಳದ ನೀರು ಹೊತ್ತು ತರುತ್ತಿದ್ದೆ, ಮಗಳನ್ನು ಎತ್ತಿಕೊಂಡು ಬಸ್ ಹತ್ತುತ್ತಿದ್ದೆ. ಈಗ ವಾಷಿಂಗ್ ಮಷಿನ್, ಬೋರ್‌ವೆಲ್, ಸ್ಕೂಟಿ. ಜೊತೆಗೆ ಸ್ನಾಯು ಸವೆಯುತ್ತದೆ. ಮೂವತ್ತರ ನಂತರ ಹತ್ತು ವರ್ಷಕ್ಕೆ 3ರಿಂದ 8% ಅಂತ ಹೇಳುತ್ತಾರೆ. ತೂಕದ ಮಷಿನ್ ಇದನ್ನು ತೋರಿಸುವುದಿಲ್ಲ, ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದಿರುತ್ತದೆ. ಬೆಳಗ್ಗೆ ಒಂದು ತಾಸು ನಡೆದು ಬಂದವಳು "ಇವತ್ತಿನದು ಆಯಿತು" ಅಂತ ರಾತ್ರಿ ತನಕ ಕೂತೇ ಇರುತ್ತಿದ್ದೆ. ಊಟ ಕಡಿಮೆ ಆದಾಗ ದೇಹ ಗೊತ್ತಾಗದ ಹಾಗೆ ಅಲ್ಲಾಡುವುದನ್ನೂ ಕಡಿಮೆ ಮಾಡುತ್ತದಂತೆ. ಇಳಿದ ದೇಹಕ್ಕೆ ಬೇಕಾಗುವುದೂ ಕಡಿಮೆ. ಮುಳ್ಳು 75ರಲ್ಲಿ ನಿಂತದ್ದಕ್ಕೆ ಇಷ್ಟೆಲ್ಲ ಕಾರಣ.

ಇನ್ನು ಅಡಿಗೆಮನೆ. ಇಲ್ಲಿಯ ಕಥೆ ಸ್ವಲ್ಪ ಉದ್ದ.

ಅನ್ನ ಬಿಟ್ಟು ರೊಟ್ಟಿ ತಿಂದರೆ ತೂಕ ಇಳಿಯುತ್ತದೆ ಅಂತ ನಮ್ಮಲ್ಲಿ ಎಲ್ಲರಿಗೂ ನಂಬಿಕೆ. 100 ಗ್ರಾಂ ಜೋಳದ ಹಿಟ್ಟಿನಲ್ಲೂ 100 ಗ್ರಾಂ ಅಕ್ಕಿಯಲ್ಲೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ, 350ರ ಆಸುಪಾಸು. ಜೋಳದಲ್ಲಿ ನಾರು ಜಾಸ್ತಿ, ಅಗಿಯಬೇಕು, ನಿಧಾನ ತಿನ್ನಬೇಕು, ಹೊಟ್ಟೆ ತುಂಬಿದ್ದು ಬೇಗ ಗೊತ್ತಾಗುತ್ತದೆ. ಅದರ ಲಾಭ ಅಷ್ಟು. ರೊಟ್ಟಿಗೆ ಒಂದು ಹನಿ ಎಣ್ಣೆ ಬೇಡ, ಬಡಿದು, ನೀರು ಸವರಿ ಬೇಯಿಸುವುದು. ಆದರೆ ರೊಟ್ಟಿಯನ್ನು ಯಾರು ಬರೀ ತಿನ್ನುತ್ತಾರೆ? ಪಕ್ಕದಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ ಇರಬೇಕು. ಹಿಂಡಿಗೆ ನಡುವೆ ಗುಂಡಿ ಮಾಡಿ ಹಸಿ ಎಣ್ಣೆ ಹಾಕಬೇಕು. ಎಣ್ಣೆಗಾಯಿ ಇದ್ದರೆ ಹೆಸರಲ್ಲೇ ಎಣ್ಣೆ ಇದೆ. ನಾನು ರೊಟ್ಟಿ ಎಣಿಸುತ್ತಿದ್ದೆ, ಅದರ ಜೊತೆಗಿನದನ್ನು ಯಾರೂ ಎಣಿಸಿರಲಿಲ್ಲ.

ಒಂದು ರವಿವಾರ ಕೂತು ಲೆಕ್ಕ ಹಾಕಿದೆ. ಕಚೇರಿಯಲ್ಲಿ ಬಿಲ್ಲು ತಪಾಸಣೆ ಮಾಡುವವಳಿಗೆ ಅದೇನು ಕಷ್ಟ? ಮನೆಯಲ್ಲಿ ನಾಲ್ಕು ಜನ, ನಾನು, ಮನೆಯವರು, ಅತ್ತೆ, ಮಗ. ತಿಂಗಳಿಗೆ 5 ಲೀಟರಿನ ಒಂದು ಕ್ಯಾನ್ ಎಣ್ಣೆ ಖಾಲಿ. ತಲೆಗೆ ದಿನಕ್ಕೆ 40 ಮಿ.ಲೀ. ಮೇಲೆ, ತೂಕದಲ್ಲಿ ಸುಮಾರು 38 ಗ್ರಾಂ. ಎಣ್ಣೆ ಒಂದು ಗ್ರಾಂಗೆ 9 ಕ್ಯಾಲೊರಿ. ಅಂದರೆ ದಿನಕ್ಕೆ ಸುಮಾರು 340 ಕ್ಯಾಲೊರಿ ಬರೀ ಎಣ್ಣೆಯಿಂದ. ಹೊರಗೆ ತಿಂದ ಮಿರ್ಚಿ ಭಜಿ ಬೇರೆ. ಹಿಂಡಿಯ ಶೇಂಗಾ ಬೇರೆ. ಶೇಂಗಾ ಒಳ್ಳೆಯದೇ, ಆದರೆ 30 ಗ್ರಾಂಗೆ 170 ಕ್ಯಾಲೊರಿ, ಅಂದರೆ ಒಂದು ದೊಡ್ಡ ರೊಟ್ಟಿಯಷ್ಟು. ಕಚೇರಿಯಲ್ಲಿ ಬಂದವರು ಹೋದವರ ಜೊತೆ ಕುಡಿಯುವ ಚಹಾ. ನಮ್ಮೂರ ಚಹಾ ಅಂದರೆ ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆಗೆ ಕಡಿಮೆ ಇಲ್ಲ.

ಎಣ್ಣೆಯನ್ನು ಅತ್ತೆಯವರ ಕೈಯಿಂದ ಬಿಡಿಸುವುದು ಸುಲಭದ ಕೆಲಸ ಅಲ್ಲ. ಅವರು ಒಗ್ಗರಣೆಗೆ ಎಣ್ಣೆ ಹಾಕುವುದು ಕ್ಯಾನಿನಿಂದಲೇ, ಅಳತೆ ಎಂಬುದು ಇಲ್ಲ. ನಾನು ತಿಂಗಳ ಮೊದಲ ದಿನ 3 ಲೀಟರ್ ಮಾತ್ರ ಬೇರೆ ಡಬ್ಬಿಗೆ ತೆಗೆದಿಟ್ಟೆ, ಉಳಿದದ್ದನ್ನು ಅಟ್ಟದ ಮೇಲೆ ಏರಿಸಿದೆ. "ಯಾಕವಾ, ಎಣ್ಣಿಗೂ ಬಡತನ ಬಂತೇನು ನಮ್ಮನಿಗಿ?" ಎಂದರು. ಎರಡು ವಾರ ಪಲ್ಯ ರುಚಿ ಇಲ್ಲ ಅಂತ ಮಗನೂ ಗೊಣಗಿದ. ಆಮೇಲೆ ಅಭ್ಯಾಸ ಆಯಿತು. ಈಗ 3 ಲೀಟರ್ ಸಾಲುತ್ತದೆ, ಹಬ್ಬದ ತಿಂಗಳು ಬಿಟ್ಟು.

ಎಣ್ಣೆಯಷ್ಟೇ ಮುಖ್ಯವಾದದ್ದು ಬೇಳೆ. ತೊಗರಿಯ ಕಣಜ ಅಂತ ನಮ್ಮ ಜಿಲ್ಲೆಗೆ ಹೆಸರು, ನಮ್ಮ ತೊಗರಿ ಬೇಳೆಗೆ 2019ರಲ್ಲಿ ಈ ಸೀಮೆಯದೇ ವಿಶೇಷ ಅನ್ನುವ ಜಿಐ ಟ್ಯಾಗ್ ಕೂಡ ಬಂದಿದೆ. ಆದರೆ ನಮ್ಮ ಮನೆ ಸಾರು ನೋಡಿದರೆ ಬೇಳೆ ಎಲ್ಲಿದೆ ಅಂತ ಹುಡುಕಬೇಕು. 100 ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ನನಗೆ 65 ಗ್ರಾಂ ಬೇಕು. ನಾನು ತಿನ್ನುತ್ತಿದ್ದುದು 40 ದಾಟುತ್ತಿರಲಿಲ್ಲ. ಊಟ ಕಡಿಮೆ ಮಾಡಿ ಪ್ರೋಟೀನನ್ನೂ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನಮ್ಮ ಮನೆಯಲ್ಲಿ ತತ್ತಿ ನಡೆಯುವುದಿಲ್ಲ. ಹಾಗಾಗಿ ಸಾರಿನ ಬದಲು ಗಟ್ಟಿ ಬೇಳೆ, ಸಂಜೆ ಭಜಿಯ ಬದಲು ಮೊಳಕೆ ಬಂದ ಹೆಸರುಕಾಳಿನ ಉಸಳಿ, ಒಂದು ದೊಡ್ಡ ಬಟ್ಟಲು ಮೊಸರು, ವಾರಕ್ಕೆ ಎರಡು ಸಲ ಕಡಲೆಹಿಟ್ಟಿನ ಝುಣಕ, ಕೆಲವೊಮ್ಮೆ ಪನ್ನೀರ್. ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಕಡಿಮೆ ಮಾಡಿ ಬೇಳೆ ಜಾಸ್ತಿ ಹಾಕಿದೆ. ಅದು ಹೆಚ್ಚು ರುಚಿಯಾಗಿದೆ ಅಂತ ನನ್ನ ಅಭಿಪ್ರಾಯ, ಅತ್ತೆಯವರು ಒಪ್ಪುವುದಿಲ್ಲ. ಅನ್ನವನ್ನೂ ಸ್ವಲ್ಪ ಮತ್ತೆ ಶುರು ಮಾಡಿದೆ. ಮಜ್ಜಿಗೆ ಅನ್ನ ಇಲ್ಲದೆ ಊಟ ಮುಗಿದ ಹಾಗೆ ಅನಿಸುವುದಿಲ್ಲ ನನಗೆ.

ನಡುವೆ ಒಂದು ಕಡೆ ಶೇಕ್ ಕುಡಿಸುವವರ ಹತ್ತಿರವೂ ಹೋಗಿ ಬಂದೆ. ಊಟದ ಬದಲು ಪೌಡರು, ಬೆಳಗ್ಗೆ ಎಲ್ಲರ ಮುಂದೆ ತೂಕ, ಇಳಿದವರಿಗೆ ಚಪ್ಪಾಳೆ. ನನಗೆ ಚಪ್ಪಾಳೆ ಬೇಕಿರಲಿಲ್ಲ, ಬಿಲ್ಲೂ ಸರಿಬರಲಿಲ್ಲ. ಬಿಟ್ಟೆ.

ಜಿಮ್ ಕಥೆ ಕೇಳಿ. ಡಾಕ್ಟರು ನಡಿಗೆ ಜೊತೆ ವಾರಕ್ಕೆ ಎರಡು ದಿನವಾದರೂ ಭಾರ ಎತ್ತುವ ವ್ಯಾಯಾಮ ಮಾಡಲೇಬೇಕು ಅಂದಿದ್ದರು. ಮನೆ ಹತ್ತಿರದ ಜಿಮ್‌ಗೆ ಸೇರಿದೆ. ಅಲ್ಲಿಯ ಹುಡುಗ ಇಪ್ಪತ್ತೈದರ ಹುಡುಗಿಯರಿಗೆ ಕೊಡುವ ಚಾರ್ಟನ್ನೇ ನನಗೂ ಕೊಟ್ಟ. ಹಾರು, ಕೂರು, ಮತ್ತೆ ಹಾರು. ಮೊಣಕಾಲು ಊದಿತು. "ನೋವಿಲ್ದೆ ಏನೂ ಆಗಲ್ರೀ ಆಂಟಿ" ಎಂದ. ಆ 'ಆಂಟಿ'ಯೇ ಮೊಣಕಾಲಿಗಿಂತ ಜಾಸ್ತಿ ನೋಯಿಸಿತು. ಮೂರು ತಿಂಗಳ ಫೀಸು ಮುಂಗಡ ಕಟ್ಟಿದ್ದೆ, ವಾಪಸ್ ಬರಲಿಲ್ಲ.

ಫಿಸಿಯೋಥೆರಪಿಯ ಒಬ್ಬ ಹೆಣ್ಣುಮಗಳು ಕೈಹಿಡಿದು ಶುರುವಿನಿಂದ ಕಲಿಸಿದಳು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು. ಎರಡು ಕೈಯಲ್ಲಿ ನೀರಿನ ಬಾಟಲಿ ಹಿಡಿದು ಮೇಲೆತ್ತುವುದು. ಮೊದಲ ದಿನ ಎಂಟು ಸಲ ಕುರ್ಚಿಯಿಂದ ಎದ್ದವಳು ಒಂಬತ್ತನೆಯದಕ್ಕೆ ಮೇಜು ಹಿಡಿದೆ. ಈಗ 5 ಕಿಲೋದ ಎರಡು ಡಂಬೆಲ್ ಮನೆಯಲ್ಲೇ ಇವೆ, ಬಾಗಿಲ ಹಿಂದೆ. ಗ್ಯಾಸ್ ಸಿಲಿಂಡರನ್ನು ನಾನೇ ಸರಿಸಿ ಇಡುತ್ತೇನೆ. ಬುದ್ಧ ವಿಹಾರದ ಮೆಟ್ಟಿಲು ಹತ್ತುವಾಗ ಮುಂಚೆ ನಡುವೆ ಫೋಟೋ ತೆಗೆಯುವ ನೆಪದಲ್ಲಿ ನಿಲ್ಲುತ್ತಿದ್ದೆ, ಈಗ ಮನೆಯವರು ನಿಲ್ಲುತ್ತಾರೆ.

2025ರ ಫೆಬ್ರವರಿಗೆ 73.1 ಆಗಿತ್ತು. ಮತ್ತೆ ಮಾರ್ಚ್ ಹತ್ತಿರ ಬಂತು.

ಈ ಸಲ ನಾನು ಮೊದಲೇ ನಿರ್ಧಾರ ಮಾಡಿದೆ. ಬೇಸಿಗೆಯಲ್ಲಿ ಇಳಿಸುವುದಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಏರದಿದ್ದರೆ ಸಾಕು. ಕೇಳಲು ಸಣ್ಣ ಮಾತು, ಆದರೆ ನನ್ನ ಮಟ್ಟಿಗೆ ಎಲ್ಲ ಬದಲಾದದ್ದು ಇಲ್ಲಿಯೇ. ನಮ್ಮೂರಲ್ಲಿ ರೈತರು ಮೇ ತಿಂಗಳಲ್ಲಿ ಬಿತ್ತುವುದಿಲ್ಲವಲ್ಲ, ನಾನ್ಯಾಕೆ ಒದ್ದಾಡಬೇಕು? ಇಳಿಸುವುದು ಏನಿದ್ದರೂ ಮಳೆಗಾಲ, ಚಳಿಗಾಲದಲ್ಲಿ.

ಬೇಸಿಗೆಯ ನಿಯಮ ಸರಳ ಇಟ್ಟುಕೊಂಡೆ. ನಡಿಗೆ ಬೆಳಗ್ಗೆ ಐದೂಕಾಲಿಗೆ, ಅರ್ಧ ಗಂಟೆ ಮಾತ್ರ. ಅಷ್ಟು ಬೇಗ ಏಳಬೇಕೆಂದರೆ ರಾತ್ರಿ ಹತ್ತಕ್ಕೆ ಮಲಗಬೇಕು, ಹಾಗಾಗಿ ಟಿವಿ ಬಂದ್. ಆಗದ ದಿನ ಮನೆಯೊಳಗೇ ಡಂಬೆಲ್. ಮಧ್ಯಾಹ್ನದ ನಿದ್ದೆ ಬಿಡಲು ಆಗಲಿಲ್ಲ, ಆದರೆ ಅಲಾರಂ ಇಟ್ಟು ಅರ್ಧ ತಾಸಿಗೆ ಇಳಿಸಿದೆ. ಮೂರು ತಾಸು ಮಲಗಿ ಎದ್ದರೆ ರಾತ್ರಿ ಒಂದರವರೆಗೆ ನಿದ್ದೆ ಇಲ್ಲ, ನಿದ್ದೆ ಇಲ್ಲದಿದ್ದರೆ ಡಬ್ಬಿಯಲ್ಲಿರುವ ಶೇಂಗಾ ಚಿಕ್ಕಿ ಕರೆಯುತ್ತದೆ. ಕುಡಿಯಲು ಉಪ್ಪು ಹಾಕಿದ ನೀರು ಮಜ್ಜಿಗೆ, ಎಷ್ಟು ಬೇಕಾದರೂ. ಸೀಕರಣೆ ರವಿವಾರ. ಮದುವೆಯಲ್ಲಿ ಒಂದು ಹೋಳಿಗೆ, ತುಪ್ಪ ಹಾಕಿಸಿಕೊಂಡೇ. ಮದುವೆಗೆ ಹೋಗಿ ಬಂದ ಮರುದಿನ ಮಷಿನ್ ಹತ್ತುವುದಿಲ್ಲ. ಉಪ್ಪು ಜಾಸ್ತಿ ಆದರೆ ನೀರು ನಿಂತು ಒಂದೇ ದಿನದಲ್ಲಿ ಒಂದು-ಒಂದೂವರೆ ಕಿಲೋ ಜಾಸ್ತಿ ತೋರಿಸುತ್ತದೆ, ಅದು ಕೊಬ್ಬಲ್ಲ. ಆದರೂ ನೋಡಿದರೆ ಮನಸ್ಸು ಕೆಡುತ್ತದೆ.

ಜೂನ್‌ನಲ್ಲಿ 73.6. ಅರ್ಧ ಕಿಲೋ ಏರಿತ್ತು, ಹಿಂದಿನ ವರ್ಷದ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಇಳಿಯುವುದಕ್ಕಿಂತ ಕಷ್ಟ ಇಳಿದ ಮೇಲೆ ಜನರಿಗೆ ಉತ್ತರ ಕೊಡುವುದು. ನಮ್ಮ ಕಡೆ ಯಾರಾದರೂ ಸ್ವಲ್ಪ ಸಣ್ಣಗಾದರೆ ಮೊದಲು ಬರುವ ಪ್ರಶ್ನೆ, "ಏನ್ರೀ ಮೇಡಂ, ಸೊರಗೀರಲ್ಲ, ಶುಗರ್ ಏನರ ಬಂದದೇನ್ರಿ?" ಅದು ಬರದಿರಲಿ ಅಂತಲೇ ಇಷ್ಟು ಒದ್ದಾಟ ಅಂತ ಹೇಳಿದರೆ ನಂಬುವುದಿಲ್ಲ. ಬೀಗರ ಮನೆಗೆ ಹೋದರೆ, "ನಮ್ಮನಿ ಊಟ ಸೇರಲಿಲ್ಲೇನು?" ಅಂತ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಮೊದಲು ಪಲ್ಯ, ಕಾಳು, ಕೋಸಂಬರಿ ಎರಡೆರಡು ಸಲ ಕೇಳಿ ಹಾಕಿಸಿಕೊಳ್ಳುತ್ತೇನೆ. ಬಡಿಸುವವರಿಗೂ ಖುಷಿ, ಆಮೇಲೆ ಹೋಳಿಗೆಗೆ ಒತ್ತಾಯ ಕಡಿಮೆ.

2025ರ ಮಾರ್ಚ್‌ನಲ್ಲಿ ತೂಕ ಇಳಿಸುವ ಮೌಂಜಾರೋ ಇಂಜೆಕ್ಷನ್ ನಮ್ಮ ದೇಶಕ್ಕೆ ಬಂದ ಮೇಲೆ ಕಚೇರಿಯಲ್ಲಿ ಅದೇ ಮಾತು. ನಾನೂ ಡಾಕ್ಟರನ್ನು ಕೇಳಿದೆ. ಅದು ಕೆಲಸ ಮಾಡುತ್ತದೆ, ಬೇಕಾದವರಿಗೆ ಕೊಡುತ್ತೇವೆ, ಆದರೆ ನಿಲ್ಲಿಸಿದ ಮೇಲೆ ಬಹಳ ಜನರಿಗೆ ತೂಕ ವಾಪಸ್ ಬರುತ್ತದೆ, ನಿಮಗೆ ಸದ್ಯಕ್ಕೆ ಬೇಡ ಅಂದರು. ತಿಂಗಳ ಖರ್ಚು ಕೇಳಿದ ಮೇಲೆ ನನಗೂ ಬೇಡ ಅನಿಸಿತು. ಹಾಗಂತ ತೆಗೆದುಕೊಳ್ಳುವವರನ್ನು ಆಡಿಕೊಳ್ಳುವವರು ನನಗೆ ಸೇರುವುದಿಲ್ಲ. ಬಿಪಿ ಗುಳಿಗೆ ನುಂಗುವವರನ್ನು ಯಾರಾದರೂ ಸೋಮಾರಿ ಅನ್ನುತ್ತಾರಾ?

ಈಗ ನನ್ನ ತೂಕ 72. ಸೊಂಟ 91 ಸೆಂ.ಮೀ. ಎಚ್‌ಬಿಎ1ಸಿ 5.7. ಹೊಟ್ಟೆ ಇನ್ನೂ ಇದೆ, ಸೀರೆ ನೆರಿಗೆ ಹಿಡಿದಾಗ ಗೊತ್ತಾಗುತ್ತದೆ. ಬಿಎಂಐ ಪಟ್ಟಿಯಲ್ಲಿ ನಾನು ಇನ್ನೂ ಬೊಜ್ಜಿನವರ ಸಾಲಿನಲ್ಲೇ ಇದ್ದೇನೆ. ಕೆಲವು ತಿಂಗಳು ಒಂದು ಗ್ರಾಮೂ ಇಳಿಯುವುದಿಲ್ಲ. ರಾತ್ರಿಯ ಬೆವರು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ.

ಮೊನ್ನೆ ವರದಿ ತೋರಿಸಲು ಹೋದಾಗ ಡಾಕ್ಟರಿಗೆ ಆಸೆ ಹುಟ್ಟಿತು. "ಚಲೋ ನಡದದ. ದೀಪಾವಳಿ ಒಳಗ 70ಕ್ಕ ಬರ್ರಿ" ಎಂದರು. ದೀಪಾವಳಿ ಆದಮೇಲೆ ಬರುವ ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆ) ಆಳಂದದ ಹತ್ತಿರ ಅಕ್ಕನ ಹೊಲಕ್ಕೆ ಹೋಗಿ ಚರಗ ಚೆಲ್ಲುವುದಿದೆ, ಅಂದರೆ ಭೂಮಿತಾಯಿಗೆ ಪೂಜೆ ಮಾಡಿ ಎಡೆಯನ್ನು ಹೊಲದಲ್ಲಿ ಚೆಲ್ಲುವುದು. ಅವತ್ತು ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ, ಶೇಂಗಾ ಹೋಳಿಗೆ ಯಾವುದನ್ನೂ ಅಳೆಯುವುದಿಲ್ಲ. ದೀಪಾವಳಿಗೆ 70 ಮಾಡಿ ಎಳ್ಳಮಾಸಿಗೆ 71 ಮಾಡಿಕೊಂಡು ಅವರ ಕೈಲಿ ಬೈಸಿಕೊಳ್ಳುವುದು ಯಾಕೆ? "ಎಳ್ಳಮಾಸಿ ಮುಗದ ಮ್ಯಾಲ ಲೆಕ್ಕ ಹಿಡೀರಿ ಸರ್" ಎಂದೆ. ಅವರು ಚೀಟಿಯ ಮೇಲೆ ದೀಪಾವಳಿ ಹೊಡೆದು ಹಾಕಿ ಜನವರಿ ಅಂತ ಬರೆದುಕೊಟ್ಟರು.